ಅಪ್ಪಣೆ ಬೇಡದ ಲೇಖಣಿ

ಮಾದರಿ ಸಂಸ್ಥಾನವೆಂದು ಹೊಗಳಿಸಿಕೊಂಡ ಮೈಸೂರಿನಲ್ಲಿ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ಕಾಯಿದೆ ಹೊರಟಿತು. ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ನಡೆಸಕೂಡದು. ಕೊಟ್ಟ ಅಪ್ಪಣೆಯನ್ನು ಸರ್ಕಾರವೇ ಕಿತ್ತುಕೊಳ್ಳಬಹುದು. ಅದೇ ವರ್ಷ ಆಂಗ್ಲರು ಲೋಕಮಾನ್ಯ ತಿಲಕರಿಗೆ 6 ವರ್ಷಗಳ ಶಿಕ್ಷೆ ವಿಧಿಸಿದರು. ಘೋರ ಅನ್ಯಾಯವೇ ಸರಿ. ಆದರೂ ಅಲ್ಲಿ ಆಪಾದನೆಯೆಂಬುದಿತ್ತು, ಜ್ಯೂರಿಯಿತ್ತು, ತಿಲಕರಿಗೆ ವಾದಿಸಲು ಎಡೆಯಿತ್ತು. ನಮ್ಮ ಸ್ವದೇಶೀ ಆಳ್ವಿಕೆಗೆ ಅಷ್ಟು ದಾಕ್ಷಿಣ್ಯವೂ ಬೇಕೆನಿಸಲಿಲ್ಲ!

ಈ ಕಾಯಿದೆಯ ಪೆಟ್ಟು ತಾಗಿದ್ದು ಯಾರಿಗೆ? 1885ರಲ್ಲಿ 'ವೃತ್ತಾಂತ ಚಿಂತಾಮಣಿ'ಯನ್ನು ಹೊರಡಿಸಿದ ಎಂ. ವೆಂಕಟಕೃಷ್ಣಯ್ಯನವರಿಗೆ. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರು, ಸ್ತ್ರೀವಿದ್ಯಾಭ್ಯಾಸದ ಕಟ್ಟಾ ಪಕ್ಷಪಾತಿಗಳು, ಊರಿಗೆಲ್ಲ 'ತಾತಯ್ಯ'. ಬಾಂಬು ಕಟ್ಟುವವರಂತೂ ಅಲ್ಲ. ಅವರು ಅಪ್ಪಣೆ ಬೇಡಲಿಲ್ಲ. ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಸೌಮ್ಯವಾಗಿ ಬರೆದುಕೊಂಡಿದ್ದರೆ ಹಾಸನದ ಸೀಮೆಯ ಶೆಟ್ಟಿಹಳ್ಳಿಯಂತಹ ಊರಿನ ಉಪಾಧ್ಯಾಯನಿಗೆ ನಾಲ್ಕು ಸುದ್ದಿಯಾದರೂ ಮುಟ್ಟುತ್ತಿತ್ತೆಂದು ಆಕ್ಷೇಪಿಸುವ ಬುದ್ಧಿವಂತರುಂಟು. ನಷ್ಟವಾಯಿತೆಂಬುದನ್ನು ನಾವೂ ಅಲ್ಲಗಳೆಯೆವು. ಆದರೆ ದಿವಾನರ ದಯೆಯಿಂದ ಅಚ್ಚಾಗುವ ಟೀಕೆಯನ್ನು ಆ ಉಪಾಧ್ಯಾಯನು ಹೇಗೆ ನಂಬಬೇಕು? ಅಪ್ಪಣೆ ತಪ್ಪೀತೆಂಬ ಅಂಜಿಕೆಯಿಂದ ಸಂಪಾದಕನು ಬರೆಯದೆ ಬಿಟ್ಟುದನ್ನು ಅವನಿಗೆ ಯಾರು ತಿಳಿಸಬೇಕು? ಪತ್ರಿಕೆ ನಿಂತುಹೋದರೆ, ಬಾಯಿ ಕಟ್ಟಿದ್ದಾರೆಂಬುದಾದರೂ ತಿಳಿಯುತ್ತದೆ. ಅಂಜಿಕೊಂಡು ನಡೆದರೆ ಅದೂ ಮುಚ್ಚಿಹೋಗುತ್ತದೆ.

1881ರಿಂದಲೇ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿಕೊಂಡು ಬಂದ ಸರ್ಕಾರವಿದು. ದಸರೆಗೆ ಮೈಸೂರಿಗೆ ಕರೆಯಿಸಿ ಕೇಳುತ್ತಿದ್ದ ಅಹವಾಲುಗಳನ್ನೇ ಮಿಕ್ಕ ದಿನಗಳಲ್ಲಿ ಪತ್ರಿಕೆಯಲ್ಲಿ ಓದಲು ಅದಕ್ಕೆ ಅಷ್ಟೇಕೆ ಭಯವಾಯಿತು?