ಕಣ್ಣಿಗಲ್ಲ ಸ್ವಾಮಿ, ಬೆನ್ನಿಗೆ ಗಾಡಿ ಕೊಳ್ಳಿ!

ಹೋದ ವಾರ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿ ಮುಂದೆ ಒಬ್ಬ ಹುಡುಗ ನನ್ನನ್ನು ತಡೆದು ನಿಲ್ಲಿಸಿದ. ಕೈಯಲ್ಲಿ ನಮ್ಮದೇ ಪತ್ರಿಕೆ. ‘ಸಾರ್, ಸಿನಿಮಾ ಸುದ್ದಿ ಆಮೇಲೆ ಹೇಳಿ. ಚಾರ್ಲಿ ಪಿಕ್ಚರ್‌ನಲ್ಲಿ ಹೋಗ್ತಾರಲ್ಲ, ಹಂಗೆ ದೂರ ಹೋಗ್ಬೇಕು. ಯಾವ ಗಾಡಿ ತಗೊಳ್ಲಿ?’ ಅಂದ. ಫೋನು ತೆಗೆದು ಐದಾರು ಗಾಡಿಗಳ ಫೋಟೋ ತೋರಿಸಿದ. ಒಂದೊಂದರ ಮೇಲೂ ಒಬ್ಬೊಬ್ಬ ಹೀರೋ!

ನನಗೆ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಅಂಥದೇ ಒಂದು ಫೋಟೋ ಹಿಡಿದು ಶೋರೂಮಿಗೆ ಹೋದವನು. ಅಷ್ಟರಲ್ಲಿ ಹುಡುಗನ ಬಸ್ಸು ಹೊರಟಿತು. ಅವನಿಗೆ ಹೇಳಲಾಗದ್ದನ್ನು ಈ ವಾರ ಇಲ್ಲಿ ಹೇಳುತ್ತೇನೆ. ಗಾಂಧಿನಗರದ ಗುಸುಗುಸು ಮುಂದಿನ ವಾರಕ್ಕಿರಲಿ.

ಮೊದಲು ಚಾರ್ಲಿ ವಿಷಯ. 2022ರ ಜೂನ್‌ನಲ್ಲಿ ತೆರೆಗೆ ಬಂದ ‘777 ಚಾರ್ಲಿ’ ನೋಡಿ ಅಳದವರು ಯಾರಿದ್ದಾರೆ? ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿಯ ಧರ್ಮ ನಮ್ಮ ಮೈಸೂರಿನವನು. ಸಾವಿನಂಚಿನ ನಾಯಿಗೆ ಹಿಮ ತೋರಿಸಲು ಸೈಡ್‌ಕಾರ್ ಕಟ್ಟಿದ ಗಾಡಿಯಲ್ಲಿ ಹಿಮಾಲಯಕ್ಕೆ ಹೊರಡುತ್ತಾನೆ. ಅದಕ್ಕೂ ಹಿಂದೆ 1975ರ ‘ಶೋಲೆ’ಯಲ್ಲಿ ನಮ್ಮ ರಾಮನಗರದ ಬಂಡೆಗಳ ಸೀಮೆಯಲ್ಲೇ ಧರ್ಮೇಂದ್ರ, ಅಮಿತಾಭ್ ಸೈಡ್‌ಕಾರ್ ಗಾಡಿಯಲ್ಲಿ ಹಾಡಿಕೊಂಡು ಹೋದರು. ಬೆಳ್ಳಿತೆರೆಯ ಮೇಲೆ ದಾರಿ ಬೇಗ ಸವೆಯುತ್ತೆ ಸ್ವಾಮಿ. ಮೈಸೂರಿಂದ ಕಾಶ್ಮೀರಕ್ಕೆ ರಸ್ತೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಹಾಡು ಮುಗಿದರೂ ರಸ್ತೆ ಮುಗಿಯೋಲ್ಲ!

ನಾನು ಕೊಂಡ ಗಾಡಿ ಯಾವುದು ಅಂತ ಹೇಳೋಲ್ಲ. ತಪ್ಪು ಗಾಡಿಯದಲ್ಲ, ನನ್ನದು. ಮುಂದಕ್ಕೆ ಬಾಗಿ ಕೂರುವ ಗಾಡಿ, ಹಿಂದಿನ ಸೀಟು ಗಿಣಿ ಕೂರುವಷ್ಟು, ಅದೂ ಅಟ್ಟದ ಮೇಲೆ. ಬರೆದ ಲೇಖನಗಳ ಕಾಸು ಕೂಡಿಟ್ಟಿದ್ದೆ, ಮಿಕ್ಕದ್ದಕ್ಕೆ ಸಾಲ. ಮಂಡಕಳ್ಳಿಯ ನಮ್ಮ ಬೀದಿಗೆ ಅದನ್ನು ತಂದ ದಿನ ಹುಡುಗರೆಲ್ಲ ಸುತ್ತ ನಿಂತರು. ವಿಮಾನ ಇಳಿಯೋದನ್ನು ದಿನಾ ನೋಡುವ ಊರು ನಮ್ಮದು. ಆವತ್ತು ಮಾತ್ರ ಯಾರೂ ಆಕಾಶ ನೋಡಲಿಲ್ಲ.

ಅಮ್ಮನಿಗೆ ಮಾದಪ್ಪನ ಹರಕೆಯಿತ್ತು. ‘ಬಸ್ಸು ಯಾಕಮ್ಮ, ಗಾಡಿ ಐತಲ್ಲ’ ಅಂದು ಕೂರಿಸಿಕೊಂಡು ಹೊರಟೆ. ತಿ. ನರಸೀಪುರ, ಕೊಳ್ಳೇಗಾಲ, ಹನೂರು ಹಾದು ಮಲೆ ಮಹದೇಶ್ವರ ಬೆಟ್ಟ. ನೂರನಲವತ್ತು ಕಿಲೋಮೀಟರ್ ಆಸುಪಾಸು. ನರಸೀಪುರಕ್ಕೇ ನನ್ನ ಮಣಿಕಟ್ಟು ಜೋಮು ಹಿಡಿಯಿತು. ಅಮ್ಮ ಹಿಂದೆ ಹಿಡಿಯಲು ಏನೂ ಇಲ್ಲದೆ ನನ್ನ ಅಂಗಿ ಜಗ್ಗುತ್ತಾ, ಹಂಪು ಬಂದಾಗಲೆಲ್ಲ ‘ಮಾದಪ್ಪಾ’ ಅನ್ನುತ್ತಾ ಬಂದಳು. ಕೊಳ್ಳೇಗಾಲದ ಬಸ್ ಸ್ಟ್ಯಾಂಡು ಬಂದದ್ದೇ ಇಳಿದುಬಿಟ್ಟಳು. ಬೈಯಲಿಲ್ಲ. ಸೊಂಟ ಹಿಡಿದುಕೊಂಡು, ‘ನೀನು ಗಾಡೀಲಿ ಬಾ ಮಗ, ನಾನು ಬಸ್ಸಲ್ಲಿ ಬತ್ತೀನಿ’ ಅಂದಳು ಅಷ್ಟೇ. ಬೆಟ್ಟದ ತಿರುವುಗಳಲ್ಲಿ ಅಮ್ಮ ಕೂತ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತಾ ಹೋದವನು ನಾನು. ಹೀರೋ!

ಹದಿನಾಲ್ಕು ತಿಂಗಳಿಗೆ ಆ ಗಾಡಿ ಮಾರಿದೆ. ಗಾಡಿ ಹೋಯಿತು, ಸಾಲದ ಕಂತು ಉಳಿಯಿತು.

ನಮ್ಮೂರಲ್ಲಿ ಒಬ್ಬರು ಯಜಮಾನರಿದ್ದಾರೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆಯ ಕಥೆ ಗೊತ್ತಲ್ಲ? 1961ರಲ್ಲಿ ಜಾವಾ ತಯಾರಿ ಶುರುವಾಯಿತು, 1973ರಿಂದ ಅದೇ ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಪೆಡಲು. ನಮ್ಮ ಅಪ್ಪಂದಿರ ಕಾಲದ ಪಡ್ಡೆ ಹುಡುಗರ ಕನಸಿನ ಕುದುರೆ ಅದು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಎಂಜಿನ್ನಿನ ಜೊತೆ ಮತ್ತೆ ಮಾರುಕಟ್ಟೆಗೆ ಬಂದವು. ಮೈಸೂರಿನ ಆ ಕಾರ್ಖಾನೆ ಮಾತ್ರ ಮತ್ತೆ ತೆರೆಯಲಿಲ್ಲ.

ನನ್ನ ಗೋಳು ಕೇಳಿ ಯಜಮಾನರು ಅಂದರು: ‘ನೀನು ಗಾಡಿ ನೋಡ್ದೆ ಕಲಾ, ಕೂತ್ಕೊಂಡು ನೋಡ್ಲಿಲ್ಲ.’

‘ಕೂತಿದ್ದೆ ಮಾವ, ಶೋರೂಮಿನ ಸುತ್ತ ಒಂದು ರೌಂಡು ಹೊಡೆದೆ’ ಅಂದೆ.

‘ಒಂದು ರೌಂಡಿಗೆ ಹೆಣ್ಣು ಒಪ್ಕೊತೀಯೇನ್ಲಾ?’

ಆಮೇಲೆ ಅವರು ಹೇಳಿಕೊಟ್ಟದ್ದು, ನಾನು ಕೂತು ಇಳಿದು ಕಲಿತದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಗಾಡಿಯಲ್ಲಿ ಮೈ ಮೂರು ಕಡೆ ಕೂತಿರುತ್ತೆ: ಕುಂಡೆ ಸೀಟಿನಲ್ಲಿ, ಅಂಗೈ ಹ್ಯಾಂಡಲ್ಲಿನಲ್ಲಿ, ಪಾದ ಫುಟ್‌ರೆಸ್ಟಿನಲ್ಲಿ. ಹ್ಯಾಂಡಲ್ ತಗ್ಗಿನಲ್ಲಿದ್ದು ಫುಟ್‌ರೆಸ್ಟ್ ಹಿಂದಿದ್ದರೆ ಮೈಭಾರವೆಲ್ಲ ಮಣಿಕಟ್ಟಿಗೆ. ಕಾಲು ತೀರಾ ಮುಂದೆ ಚಾಚಿದರೆ ನೋಡೋಕೆ ರಾಜಗಾಂಭೀರ್ಯ, ಆದರೆ ಗುಂಡಿಯ ಏಟು ನೇರ ಬೆನ್ನುಮೂಳೆಗೆ, ಎದ್ದು ನಿಲ್ಲುವಂತೆಯೂ ಇಲ್ಲ. ದೂರಕ್ಕೆ ಬೇಕಾದದ್ದು ಇವೆರಡರ ನಡುವಿನದು: ಬೆನ್ನು ನೆಟ್ಟಗೆ, ಮೊಣಕೈ ಸ್ವಲ್ಪ ಬಾಗಿ, ಪಾದ ಹೆಚ್ಚುಕಡಿಮೆ ಮೊಣಕಾಲಿನ ಕೆಳಗೆ. ಹಂಪು ಬಂದಾಗ ಫುಟ್‌ರೆಸ್ಟಿನ ಮೇಲೆ ಸಲೀಸಾಗಿ ಎದ್ದು ನಿಲ್ಲಲು ಬರುತ್ತಾ, ನೋಡಿ. ಬಂದರೆ ಆ ಗಾಡಿ ಅರ್ಧ ಪಾಸು.

ಎರಡನೆಯದು ಎತ್ತರ. ಬಜಾಜ್ ಅವೆಂಜರ್ 220ರ ಸೀಟು ನೆಲದಿಂದ 737 ಮಿಲಿಮೀಟರ್. 2020ರಲ್ಲಿ ಬಂದ ಮೀಟಿಯರ್ 350ರದ್ದು 765. 2023ರ ಹಿಮಾಲಯನ್ 450ರದ್ದು 825, ಏರಿಸಿದರೆ 845. 2020ರ ಕೆಟಿಎಂ 390 ಅಡ್ವೆಂಚರಿನದು 855. ನನ್ನಂಥ ಐದಡಿ ನಾಲ್ಕಂಗುಲದವನು 855ರ ಮೇಲೆ ಕೂತರೆ ತುದಿಗಾಲ ನಾಟ್ಯ! ಓಡುವಾಗ ಏನೂ ಗೊತ್ತಾಗೋಲ್ಲ. ಇಳಿಜಾರಿನಲ್ಲಿ, ಮರಳಿನಲ್ಲಿ, ಹಿಂದೆ ಜನ ಕೂತಾಗ ನಿಲ್ಲಿಸಬೇಕಲ್ಲ, ಆಗ ಗೊತ್ತಾಗುತ್ತೆ. ತೂಕವೂ ಹಾಗೇ. ಮೀಟಿಯರ್ 191 ಕಿಲೋ, ವಿ-ಸ್ಟ್ರಾಮ್ 250 ಎಸ್‌ಎಕ್ಸ್ 167 ಕಿಲೋ, ಮನೆಮನೆಯ ಸ್ಪ್ಲೆಂಡರ್ 112ರ ಆಸುಪಾಸು. ಪೆಟ್ರೋಲು ಮುಗಿದರೆ ಒಬ್ಬನೇ ಅರ್ಧ ಫರ್ಲಾಂಗು ತಳ್ಳಬಲ್ಲೆನಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಮೂರನೆಯದು ಸೀಟು. ಅಂಗಡಿಯಲ್ಲಿ ಮೆತ್ತಗಿರುವ ಸೀಟಿಗೆ ಮರುಳಾಗಬೇಡಿ. ತೀರಾ ಮೃದುವಾದ ಸ್ಪಂಜು ಒಂದು ಗಂಟೆಗೆ ಕುಸಿದು ಹಲಗೆ ಸಿಗುತ್ತೆ. ಅಗಲವಾಗಿ, ಸ್ವಲ್ಪ ಗಟ್ಟಿಯಾಗಿರುವುದೇ ದೂರಕ್ಕೆ ಮೇಲು. ಹಿಂದಿನ ಸೀಟಿಗೆ ಒಳ್ಳೆ ಹಿಡಿಕೆ ಇದೆಯಾ, ಕಾಲಿಡುವ ಜಾಗ ಮೊಣಕಾಲನ್ನು ಎದೆಗೆ ತರದ ಹಾಗಿದೆಯಾ, ನೋಡಿ. ಸಾಮಾನು ಗಾಡಿಯ ಪಕ್ಕದ ಚೀಲಕ್ಕೆ ಹಾಕಿ. ಬೆನ್ನಿಗೆ ಹೊತ್ತರೆ ಭುಜ ಕಳಚಿ ಬೀಳುತ್ತೆ.

ನಾಲ್ಕನೆಯದು ಎಂಜಿನ್ನು. ಟಾಪ್ ಸ್ಪೀಡು ಕೇಳಬೇಡಿ; ಎಪ್ಪತ್ತು-ಎಂಬತ್ತರಲ್ಲಿ ಎರಡು ಗಂಟೆ ಓಡಿದರೆ ಕೈ ನಡುಗುತ್ತಾ ಅಂತ ಕೇಳಿ. ಪ್ರತಿ ಗಾಡಿಗೂ ಅದು ಸುಖವಾಗಿ ಹಾಡುವ ಒಂದು ಶ್ರುತಿ ಇರುತ್ತೆ, ಅದರ ಮೇಲೆ ಹೋದರೆ ನಡುಕ. 125 ಸಿಸಿಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಹಳೇ ಗಾಡಿ ಕೊಳ್ಳುವವರು ಅದಿದೆಯಾ ನೋಡಿಕೊಳ್ಳಿ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ಕಾಯುವುದು ಅದೇ. ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಆದರೂ ಹೆಚ್ಚಾಗಿ ಗಾಳಿ ನಿಧಾನಕ್ಕೆ ಇಳಿಯುತ್ತೆ, ಚಕ್ರ ಬಿಚ್ಚದೆ ದುರಸ್ತಿಯಾಗುತ್ತೆ.

ಇನ್ನು ದಾರಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ; ನಮಗೆ ಸರ್ವಿಸ್ ರಸ್ತೆಯೇ ಗತಿ. ನಮ್ಮೂರ ಮುಂದೆ ಹಾದು ಹೋಗುವ ನಂಜನಗೂಡು ರಸ್ತೆ ಹಿಡಿದು ಊಟಿಗೋ ವಯನಾಡಿಗೋ ಹೊರಟರೆ ಬಂಡೀಪುರ ಕಾಡು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದ ಇದೇ ನಿಯಮ. ಹೀಗಾಗಿ ನಮ್ಮ ಸೀಮೆಯ ಟೂರಿಗೆ ಬೇಕಾದ್ದು ವೇಗದ ಗಾಡಿಯಲ್ಲ, ದಣಿಸದ ಗಾಡಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೆಚ್ಚಿದ ಗಾಡಿಯನ್ನು ಒಂದು ದಿನ ಬಾಡಿಗೆಗೋ ಗೆಳೆಯನಿಂದಲೋ ಪಡೆಯಿರಿ. ಮಂಡಕಳ್ಳಿಯಿಂದ ಗುಂಡ್ಲುಪೇಟೆಗೆ ಹೋಗಿ ಬಂದರೆ ನೂರು ಕಿಲೋಮೀಟರ್ ಆಸುಪಾಸು. ಹೋಗುವಾಗ ನೀವು ಓಡಿಸಿ, ಬರುವಾಗ ಹಿಂದೆ ಕೂತು ಬನ್ನಿ. ಹೌದು, ಹಿಂದೆ! ಅಮ್ಮನೋ ತಂಗಿಯೋ ಹೆಂಡತಿಯೋ ಕೂರುವ ಜಾಗದಲ್ಲಿ ನೀವು ಕೂತು ನೋಡಿ. ನಾನು ಅದೊಂದು ಮಾಡಿದ್ದರೆ ಅಮ್ಮ ಕೊಳ್ಳೇಗಾಲದಲ್ಲಿ ಇಳಿಯುತ್ತಿರಲಿಲ್ಲ.

ಹೆಲ್ಮೆಟ್ ಮಾತು ಬೇಸರ ಬೇಡ ಗೆಳೆಯರೇ. ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ಸಂಚಾರಿ ವಿಜಯ್ ಅವರನ್ನು 2021ರ ಜೂನ್‌ನಲ್ಲಿ ಕಳೆದುಕೊಂಡದ್ದು ಬೈಕ್ ಅಪಘಾತದಲ್ಲಿ. ಅವರು ಹಿಂದೆ ಕೂತಿದ್ದರು. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟಿನ ದುಡ್ಡು ಮೊದಲು ತೆಗೆದಿಡಿ, ಮಿಕ್ಕದ್ದರಲ್ಲಿ ಗಾಡಿ ನೋಡಿ.

ಸರಿ, ಕೊನೆಗೆ ನಾನು ಯಾವುದು ಕೊಂಡೆ? ಸೆಕೆಂಡ್ ಹ್ಯಾಂಡ್ 350 ಸಿಸಿ, ಇಷ್ಟೇ ಹೇಳೋದು. ಹೆಸರು ಹೇಳಿದರೆ ನೀವು ಕೂತು ನೋಡದೆ ಅದನ್ನೇ ಕೊಳ್ತೀರಿ, ನನಗೆ ಗೊತ್ತು.

ಹೋದ ಶಿವರಾತ್ರಿಯ ಹೊತ್ತಿಗೆ ಅಮ್ಮನನ್ನು ಮತ್ತೆ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಎದುರು ನಾನಾಗಿಯೇ ಗಾಡಿ ನಿಲ್ಲಿಸಿ, ಏನನ್ನುತ್ತಾಳೋ ಅಂತ ಕಾದೆ. ಬೆನ್ನ ಮೇಲೆ ಒಂದು ಗುದ್ದು ಬಿತ್ತು.

‘ಯಾಕ್ಲಾ ನಿಲ್ಲಿಸ್ದೆ? ಪೂಜೆಗೆ ಹೊತ್ತಾಯ್ತದೆ, ನಡಿ!’