ಊರಿಗಿಂತ ಮೊದಲು ಹಳಿ

ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗುವ ಪುಣೆ, ಚೆನ್ನೈಗಳ ಕನ್ನಡದ ಅಪ್ಪ-ಅಮ್ಮಂದಿರ ಅಮೆರಿಕ ಹೆಚ್ಚಾಗಿ ಶನಿವಾರ-ಭಾನುವಾರದಲ್ಲೇ ಮುಗಿಯುತ್ತದೆ. ಉಳಿದ ಐದು ದಿನ ಕಾರು ಓಡಿಸುವವರು ಆಫೀಸಿನಲ್ಲಿ, ಇವರು ಕಿಟಕಿಯ ಬಳಿ. ಕಾರಿಲ್ಲದೆ ಅಲ್ಲಿ ಕಾಲೇ ಇಲ್ಲ ಎಂಬ ಮಾತನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಆ ದೇಶದ ಬಹುಭಾಗಕ್ಕೆ ಅದು ನಿಜವೇ. ಆದರೆ ಬಾಸ್ಟನ್ನಿನಿಂದ ವಾಷಿಂಗ್ಟನ್ನಿನವರೆಗಿನ ಸುಮಾರು 735 ಕಿಲೋಮೀಟರಿಗೆ ಅಲ್ಲ.

ಅಲ್ಲಿ ಆಮ್‌ಟ್ರಾಕ್ ಸಂಸ್ಥೆಯ ರೈಲುಗಳು ದಿನಕ್ಕೆ ಹಲವು ಬಾರಿ ಓಡುತ್ತವೆ. ನ್ಯೂಯಾರ್ಕ್, ಫಿಲಡೆಲ್ಫಿಯಾ ಎರಡೂ ಅದೇ ಹಳಿಯ ಮೇಲಿವೆ. ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ನಿನಿಂದ ಸಂಸತ್ ಭವನಕ್ಕೆ ನಡೆದೇ ಹೋಗಬಹುದು. ಅದರಾಚೆಯ ಸ್ಮಿತ್ಸೋನಿಯನ್ ಮ್ಯೂಸಿಯಮ್ಮುಗಳಿಗೆ ಪ್ರವೇಶ ಉಚಿತ. ಹೆಚ್ಚಿನ ರೈಲುಗಳಲ್ಲಿ 65 ತುಂಬಿದವರಿಗೆ ಶೇ 10 ರಿಯಾಯಿತಿಯೂ ಉಂಟು. ದರ ಮಾತ್ರ ವಿಮಾನದ ಹಾಗೆ, ದಿನ ಹತ್ತಿರವಾದಷ್ಟೂ ಏರುವುದೇ ಹೆಚ್ಚು. ತತ್ಕಾಲ್ ಬುದ್ಧಿ ಅಲ್ಲಿ ನಡೆಯದು.

ಎಡವುವುದು ಪಟ್ಟಿ ಮಾಡುವಾಗ. ನಯಾಗರ, ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್ ಎಂದು ಮೊದಲು ಬರೆದು, ದಾರಿಯನ್ನು ಆಮೇಲೆ ಹುಡುಕುತ್ತಾರೆ. ಕಾರಿಲ್ಲದವರು ಮೊದಲು ನೋಡಬೇಕಾದದ್ದು ಹಳಿಯನ್ನು. ನಯಾಗರಕ್ಕೆ ನ್ಯೂಯಾರ್ಕಿನಿಂದ ನೇರ ರೈಲಿದೆ, ಒಂಬತ್ತು ಗಂಟೆಯ ದಾರಿ. ಕ್ಯಾನಿಯನ್ನಿಗೆ ಹತ್ತಿರದ ಫ್ಲಾಗ್‌ಸ್ಟಾಫಿಗೆ ಷಿಕಾಗೋದಿಂದ ದಿನಕ್ಕೊಂದೇ ಗಾಡಿ. ಹಳಿ ಸರಕು ಕಂಪನಿಯದು, ತಡವಾದರೆ ಗಂಟೆಗಟ್ಟಲೆ. ಯೆಲ್ಲೋಸ್ಟೋನಿಗೆ ರೈಲೇ ಇಲ್ಲ, ಅದು ಮಗನ ರಜೆಗೇ ಇರಲಿ.

ಮೂರು ಊರು ಸಾಕು. ಮಂಗಳವಾರ ಬೆಳಿಗ್ಗೆ ಸೊಸೆ ಮೆಟ್ರೊಪಾರ್ಕ್ ಸ್ಟೇಷನ್ನಿಗೆ ಬಿಟ್ಟರೆ, ಶುಕ್ರವಾರ ಸಂಜೆ ಬಂದು ಕರೆದೊಯ್ದರಾಯಿತು. ಹೋಟೆಲನ್ನು ಮಾತ್ರ ಅಗ್ಗವೆಂದು ಹೆದ್ದಾರಿ ಬದಿಯಲ್ಲಿ ಹಿಡಿಯಬಾರದು. ಅಲ್ಲಿ ಎಷ್ಟೋ ಕಡೆ ಫುಟ್‌ಪಾತೂ ಇರುವುದಿಲ್ಲ.