ಗೆರೆ ಎಳೆಯುವ ಕೈ

ಅಣ್ಣತಮ್ಮಂದಿರು ಹೊಲವನ್ನು ಪಾಲು ಮಾಡಿಕೊಳ್ಳುವಾಗ ಬಾಂದುಕಲ್ಲನ್ನು ಅವರಲ್ಲೊಬ್ಬನ ಕೈಯಿಂದ ನೆಡಿಸುವುದಿಲ್ಲ. ಇಬ್ಬರಿಗೂ ಬೇಕಾದ ಹಿರಿಯರನ್ನು ಕರೆತರುತ್ತೇವೆ. ಮತಕ್ಷೇತ್ರಗಳ ಗಡಿ ಗುರುತಿಸುವಾಗಲೂ ಮೊದಲು ಕೇಳಬೇಕಾದದ್ದು ಇದನ್ನೇ: ಗೆರೆ ಎಳೆಯುವವರು ಯಾರು?

ಇದು ದೂರದ ಮಾತಲ್ಲ, ಬಂಧುಗಳೇ. 2008ರ ವಿಧಾನಸಭಾ ಚುನಾವಣೆಗೆ ಮೊದಲು ಕುರುಗೋಡು ಒಂದು ಮತಕ್ಷೇತ್ರವಾಗಿತ್ತು. ಮರುವಿಂಗಡಣೆಯ ನಂತರ ಆ ಹೆಸರು ಪಟ್ಟಿಯಿಂದ ಮರೆಯಾಯಿತು. ಕಂಪ್ಲಿ ಹೊಸ ಕ್ಷೇತ್ರವಾಯಿತು. ಬಳ್ಳಾರಿಯು ನಗರ, ಗ್ರಾಮಾಂತರವೆಂದು ಎರಡಾಯಿತು. ಸಾಮಾನ್ಯ ಕ್ಷೇತ್ರವಾಗಿದ್ದ ಸಿರುಗುಪ್ಪ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ರಾಜ್ಯದ ಸ್ಥಾನಗಳು 224ರಲ್ಲಿಯೇ ನಿಂತರೂ ಪಂಗಡದ ಮೀಸಲು ಸ್ಥಾನಗಳು 2ರಿಂದ 15ಕ್ಕೆ ಏರಿದವು. ಬಹುಕಾಲ ತಡೆದಿದ್ದ ನ್ಯಾಯವದು. ಅದನ್ನು ನಮ್ಮ ಮನೆಯ ನಷ್ಟವೆಂದು ಲೆಕ್ಕ ಹಾಕುವುದು ನಮಗೆ ತರವಲ್ಲ.

ಈ ಕಾರ್ಯ ಮಾಡಿದ್ದು 2002ರ ಕಾಯಿದೆಯಂತೆ ರಚಿತವಾದ ಆಯೋಗ. ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಕೇಂದ್ರ ಚುನಾವಣಾ ಆಯೋಗದ ಒಬ್ಬರು ಮತ್ತು ಆಯಾ ರಾಜ್ಯದ ಚುನಾವಣಾ ಆಯುಕ್ತರು ಸದಸ್ಯರು. ರಾಜ್ಯದ ಐವರು ಲೋಕಸಭಾ ಸದಸ್ಯರೂ ಐವರು ಶಾಸಕರೂ ಸಹಸದಸ್ಯರಾಗಿದ್ದರು. ಅವರು ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ, ಆದೇಶಕ್ಕೆ ಸಹಿ ಮಾಡುವಂತಿರಲಿಲ್ಲ. ತಾನು ಸ್ಪರ್ಧಿಸುವ ಕ್ಷೇತ್ರದ ಗಡಿಯನ್ನು ತಾನೇ ನಿರ್ಣಯಿಸಬಾರದೆಂಬ ವಿವೇಕ ಇದರಲ್ಲಿದೆ. ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಆ ಕಾಯಿದೆಯೇ ಹೇಳಿದಮೇಲೆ ಪೀಠದಲ್ಲಿ ಕುಳಿತವರು ಯಾರೆಂಬುದು ಇನ್ನಷ್ಟು ಮುಖ್ಯವಾಗುತ್ತದೆ.

ಅಮೆರಿಕದ ಓಹಿಯೋ ರಾಜ್ಯದಲ್ಲಿ, ರಾಜಕಾರಣಿಗಳಿಂದ ಕೂಡಿದ ಆಯೋಗವನ್ನು ತೆಗೆದು 15 ಮಂದಿ ನಾಗರಿಕರ ಆಯೋಗ ರಚಿಸುವ ಪ್ರಸ್ತಾಪವು 2024ರ ನವೆಂಬರಿನಲ್ಲಿ ಜನಮತಕ್ಕೆ ಬಂದು ಸೋತಿತು. ನಮ್ಮಲ್ಲಿ ಇಂತಹ ವಿಷಯ ಜನಮತಕ್ಕೆ ಬರುವುದಿಲ್ಲ, ಶಾಸನಸಭೆಗಳೇ ನಿರ್ಧರಿಸುತ್ತವೆ. 2021ರಲ್ಲಿ ಕರ್ನಾಟಕವು ಪಂಚಾಯತಿ ಕ್ಷೇತ್ರಗಳ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಒಪ್ಪಿಸಿತು. ಅದೇ ವರ್ಷ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳು ಚುನಾವಣೆಯಿಲ್ಲದೆ ವರ್ಷಗಳನ್ನು ಕಳೆದವು. ಅಳೆಯುವ ಕೈ ಬದಲಾಗುವ ಹೊತ್ತಿಗೆ ಬೆಳೆಯ ಹದವೇ ತಪ್ಪಿತು.

ನಮಗುಳಿದಿರುವ ದಾರಿ ಒಂದುಂಟು. ಆಯೋಗವು ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ, ಬಹಿರಂಗ ಸಭೆ ನಡೆಸಿ ಜನರ ಮಾತು ಕೇಳುತ್ತದೆ. 2008ರಲ್ಲಿ ಪಟ್ಟಿ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು ಮರುಗಿದವರನ್ನು ನಾವು ಬಲ್ಲೆವು. ಕರಡು ಬಂದಾಗ ಅರ್ಜಿ ಬರೆದವರು ವಿರಳ. ಮುಂದಿನ ಸಲ ಯಾವ ಊರಿಗೆ ಯಾವ ಸಂತೆ, ಯಾವ ಕಾಲುವೆ, ಯಾವ ದಾರಿ ಎಂಬುದನ್ನು ಬರೆದು ಒಪ್ಪಿಸೋಣ. ನಮ್ಮ ಜನ ಎಷ್ಟು ಮಂದಿ ಎಂಬ ಲೆಕ್ಕವನ್ನು ಮಾತ್ರ ಆ ಅರ್ಜಿಯಲ್ಲಿ ಬರೆಯದಿರೋಣ.